ಹೇಳದೆ ಉಳಿದ ಔಷಧ: ಶಸ್ತ್ರಚಿಕಿತ್ಸೆಗೆ ಮುಂಚೆ ಬೇರು ಚೂರ್ಣಗಳ ವಿಷಯವಾದ ಪಾಠ



ಕುಡಚಿಯ ಸ್ಟೇಶನಿನಿಂದ ಮಿರಜಿಗೆ ಹೋಗುವ ರೈಲುಗಾಡಿಯಲ್ಲಿ ಕೂತು ನೋಡಿದರೆ ದವಾಖಾನೆಗೆ ಹೊರಟವರು ಒಬ್ಬಿಬ್ಬರಾದರೂ ಕಣ್ಣಿಗೆ ಬೀಳುವರು. ಗಾಡಿಯು ಕೃಷ್ಣೆಯ ಸೇತುವೆಯನ್ನು ದಾಟಿ, ಉಗಾರ, ಶೇಡಬಾಳಗಳನ್ನು ಹಿಂದೆ ಹಾಕಿ ಮಿರಜನ್ನು ಸೇರುವದು. 1894ರಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ ಎಂಬವರು ಅಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದರು. ಅಂದಿನಿಂದ ಆ ಊರು ಶಸ್ತ್ರಚಿಕಿತ್ಸೆಗೆ ಹೆಸರಾಯಿತು. ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿಗಳ ಕಡೆಯ ಜನರು ಗಡ್ಡೆ, ಹರಳು, ಅಂಡವಾಯು, ಕಷ್ಟದ ಹೆರಿಗೆ ಮುಂತಾದವುಗಳಿಗಾಗಿ ಈಗಲೂ ಮಿರಜಿಗೆ ಹೋಗುತ್ತಾರೆ, ಬೆಳಗಾವಿಗೂ ಹೋಗುತ್ತಾರೆ.

ಇಂಥವರ ಚೀಲದಲ್ಲಿ ಏನೇನು ಇರುವದೆಂಬದು ನಮಗೆಲ್ಲರಿಗೂ ಗೊತ್ತು. ಮೇಲೆ ರೊಟ್ಟಿಯ ಬುತ್ತಿ, ಅದರ ಕೆಳಗೆ ಹೊದಿಕೆ, ಅದರ ನಡುವೆ ಜೋಪಾನವಾಗಿ ಮಡಿಸಿದ ವೈದ್ಯರ ಚೀಟಿ. ಚೀಲದ ತೀರ ಅಡಿಯಲ್ಲಿಯೋ ಒಂದು ಸಣ್ಣ ಗಂಟು ಇರುವದು. ಅದರೊಳಗೆ ಸಂತೆಯಲ್ಲಿ ಕೊಂಡ ಬೇರು, ನೆಂಟರು ಕೊಟ್ಟ ಚೂರ್ಣ, ಇಲ್ಲವೆ ಅಂಗಡಿಯಿಂದ ತಂದ ಗಿಡಮೂಲಿಕೆಯ ಗುಳಿಗೆಗಳ ಡಬ್ಬಿ. ಈ ತಿಂಗಳ ನಮ್ಮ ಪಾಠವು ಆ ಅಡಿಯ ಗಂಟನ್ನು ಕುರಿತದ್ದು.

1. ಒಂದು ದೃಷ್ಟಾಂತ

ನಾವು ಹೇಳಲಿರುವದು ಯಾವ ಒಬ್ಬರ ಕಥೆಯೂ ಅಲ್ಲ. ಅನೇಕ ಮನೆಗಳಲ್ಲಿ ನಡೆಯುವದನ್ನು ಒಂದಾಗಿ ಕೂಡಿಸಿ ಹೇಳುತ್ತೇವೆ. ಒಬ್ಬ ಹಿರಿಯ ತಾಯಿಗೆ ಪಿತ್ತಕೋಶದಲ್ಲಿ ಹರಳಾಗಿ, ಶಸ್ತ್ರಚಿಕಿತ್ಸೆಯ ದಿನವು ಗೊತ್ತಾಯಿತು ಎಂದುಕೊಳ್ಳಿರಿ. ಹಿಂದಿನ ಸಂಜೆ ದಾದಿಯು ಹಾಸಿಗೆಯ ಬಳಿಗೆ ಬಂದು ಕೇಳುತ್ತಾಳೆ:

"ಆಯಿ, ದಿನಾಲು ಯಾವದಾದರೂ ಔಷಧ ತಗೊಳ್ಳುತ್ತೀರೇನು?"

"ಇಲ್ಲವ್ವಾ, ಔಷಧ ಏನೂ ಇಲ್ಲ."

ದಾದಿಯು ಕಾಗದದಲ್ಲಿ 'ಇಲ್ಲ' ಎಂದು ಬರೆದುಕೊಂಡು ಹೋಗುತ್ತಾಳೆ. ಈ ತಾಯಿಯು ಸುಳ್ಳು ಹೇಳಿದಳೋ? ಇಲ್ಲ. ತಾನು ತಿಳಿದದ್ದನ್ನೇ ಹೇಳಿದಳು. ಆದರೆ ಎರಡು ತಿಂಗಳಿನಿಂದ ಆಕೆಯು ಮುಂಜಾನೆ ಬೆಳ್ಳುಳ್ಳಿಯ ಗುಳಿಗೆ, ಮಧ್ಯಾಹ್ನ ಕೀಲುನೋವಿನ ಪುಡಿ, ರಾತ್ರಿ ನಿದ್ರೆಗಾಗಿ ಹಾಲಿನಲ್ಲಿ ಅಶ್ವಗಂಧದ ಚೂರ್ಣ ಇವುಗಳನ್ನು ತಪ್ಪದೆ ತಕ್ಕೊಳ್ಳುತ್ತಿದ್ದಾಳೆ. ಇವು ಆಕೆಯ ಲೆಕ್ಕದಲ್ಲಿ ಔಷಧಗಳಲ್ಲ. ಡಾಕ್ಟರರು ಬರೆದು ಕೊಟ್ಟದ್ದು ಔಷಧ. ಮನೆಯವರು ಕೊಟ್ಟದ್ದು ಪಥ್ಯ, ಕಾಳಜಿ, ಹಿರಿಯರ ತಿಳುವಳಿಕೆ. ಪಕ್ಕದಲ್ಲಿ ನಿಂತ ಮಗನೂ ಸೊಸೆಯೂ ಇದನ್ನೇ ನಂಬಿರುವದರಿಂದ ಅವರೂ ಸುಮ್ಮನಿರುತ್ತಾರೆ.

ಮರುದಿನ ಶಸ್ತ್ರಕ್ರಿಯೆ ಸುಖವಾಗಿಯೇ ಮುಗಿಯಬಹುದು. ಅನೇಕರಿಗೆ ಹಾಗೆಯೇ ಮುಗಿಯುತ್ತದೆ. ಆದರೆ ಆ 'ಇಲ್ಲ' ಎಂಬ ಒಂದು ಮಾತಿನಿಂದ ವೈದ್ಯರು ಕತ್ತಲೆಯಲ್ಲಿ ನಡೆಯುವವರಾದರು. ದಾರಿಯಲ್ಲಿ ಕುಣಿ ಇದ್ದರೆ ಅವರಿಗೆ ಕಾಣದು.

2. ಮೇಜಿನ ತಲೆಕಡೆಯಲ್ಲಿ ನಿಂತಿರುವವರು

ಶಸ್ತ್ರಚಿಕಿತ್ಸೆ ಎಂದ ಕೂಡಲೆ ನಮಗೆ ಕತ್ತಿ ಹಿಡಿದ ವೈದ್ಯರು ನೆನಪಾಗುತ್ತಾರೆ. ಆದರೆ ರೋಗಿಯ ತಲೆಯ ಕಡೆಯಲ್ಲಿ ಮತ್ತೊಬ್ಬ ವೈದ್ಯರು ನಿಂತಿರುತ್ತಾರೆ. ಅವರೇ ಅರಿವಳಿಕೆಯ ವೈದ್ಯರು. ಅಂದರೆ ರೋಗಿಗೆ ಎಚ್ಚರವೂ ನೋವೂ ಇಲ್ಲದಂತೆ ಮಾಡುವವರು. ಕೆಲಸ ಮುಗಿಯುವ ವರೆಗೆ ಉಸಿರು, ನಾಡಿ, ರಕ್ತದೊತ್ತಡ ಇವೆಲ್ಲವೂ ಅವರ ಕಾವಲಿನಲ್ಲಿರುತ್ತವೆ. ಎಷ್ಟು ಔಷಧ ಕೊಟ್ಟರೆ ರೋಗಿಯು ಮಲಗುವನು, ಎಷ್ಟು ಕೊಟ್ಟರೆ ನಾಡಿ ಇಳಿಯುವದು, ಇಳಿದರೆ ಯಾವದನ್ನು ಕೊಟ್ಟು ಎತ್ತಬೇಕು ಎಂಬದನ್ನು ಅವರು ಮುಂದಾಗಿಯೇ ಲೆಕ್ಕ ಹಾಕಿರುತ್ತಾರೆ.

ತಕ್ಕಡಿಯ ಒಂದು ತಟ್ಟೆಯಲ್ಲಿ ನಮಗೆ ತಿಳಿಯದಂತೆ ಯಾರಾದರೂ ಕಲ್ಲನ್ನಿಟ್ಟರೆ ತೂಕವು ಹೇಗೆ ಸರಿಯಾದೀತು? ಹೇಳದೆ ಉಳಿದ ಬೇರು ಅಂಥ ಕಲ್ಲು. ಅದು ಒಳ್ಳೆಯದೋ ಕೆಟ್ಟದ್ದೋ ಎಂಬದು ಇಲ್ಲಿಯ ಪ್ರಶ್ನೆಯಲ್ಲ. ಲೆಕ್ಕದಲ್ಲಿ ಸೇರಿದೆಯೋ ಇಲ್ಲವೋ ಎಂಬದೇ ಪ್ರಶ್ನೆ. ಇದನ್ನು ನಮ್ಮ ದೇಶದ ಒಂದು ಬೇರೇ ಲೋಕದ ವೈದ್ಯರಿಗೆ ಕಲಿಸಿತು.

3. ಸರ್ಪಗಂಧಿ ಕಲಿಸಿದ ಪಾಠ

ಸರ್ಪಗಂಧಿ ಎಂಬ ಗಿಡವು ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವದು. ಹುಚ್ಚು, ನಿದ್ರೆಯಿಲ್ಲದಿರುವದು, ಹಾವಿನ ಕಡಿತ ಇವುಗಳಿಗೆ ಇದರ ಬೇರನ್ನು ನಮ್ಮ ದೇಶದಲ್ಲಿ ಬಹು ಕಾಲದಿಂದ ಉಪಯೋಗಿಸುತ್ತ ಬಂದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು, ಈ ಬೇರು ಬುದ್ಧಿವಿಕಾರಕ್ಕೂ ಏರಿದ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಬರೆದರು. ಅದೇ ವರ್ಷ ಸಲೀಮುಜ್ಜಮಾನ್ ಸಿದ್ದೀಕಿಯವರೂ ಅವರ ಜೊತೆಗಾರರೂ ಇದರಿಂದ ಒಂದು ಸತ್ವವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ಗೌರವಾರ್ಥವಾಗಿ ಅಜ್ಮಲಿನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಎಂಬವರು ರಕ್ತದೊತ್ತಡದ ರೋಗಿಗಳಿಗೆ ಇದನ್ನು ಕೊಟ್ಟು ಕಂಡ ಫಲವನ್ನು ಬ್ರಿಟಿಷ್ ಹೃದಯವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಮೇಲೆ ಲೋಕದ ಕಣ್ಣು ಈ ಬೇರಿನ ಮೇಲೆ ಬಿದ್ದಿತು. 1952ರಲ್ಲಿ ಸ್ವಿಜರ್ಲಂಡ್ ದೇಶದ ಬಾಸೆಲ್ ಪಟ್ಟಣದಲ್ಲಿ ಸಿಬಾ ಎಂಬ ಕಂಪನಿಯ ರಸಾಯನಜ್ಞರು ಇದರ ಮುಖ್ಯ ಸತ್ವವಾದ ರಿಸರ್ಪಿನನ್ನು ಬೇರ್ಪಡಿಸಿದರು. ಕೆಲವೇ ವರ್ಷಗಳಲ್ಲಿ ಅಸಂಖ್ಯಾತ ರೋಗಿಗಳು ಅದನ್ನು ಸೇವಿಸತೊಡಗಿದರು.

ಆಗ ಯಾರೂ ನೆನಸದ ಸಂಗತಿಯೊಂದು ಹೊರಬಿದ್ದಿತು. ಸರ್ಪಗಂಧಿಯನ್ನು ಸೇವಿಸುತ್ತಿದ್ದವರಲ್ಲಿ ಕೆಲವರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದಾಗ ಅವರ ರಕ್ತದೊತ್ತಡವು ಕೆಳಗಿಳಿಯಿತು. ಇಳಿದದ್ದನ್ನು ಎತ್ತುವದಕ್ಕೆ ವೈದ್ಯರು ಸಾಮಾನ್ಯವಾಗಿ ಕೊಡುವ ಔಷಧಗಳಲ್ಲಿ ಕೆಲವು ಅವರಲ್ಲಿ ಸರಿಯಾಗಿ ಕೆಲಸ ಮಾಡಲಿಲ್ಲ. ಅಮೆರಿಕದ ವೈದ್ಯರು 1956ರಲ್ಲಿ ಈ ಸಂಗತಿಯನ್ನು ತಮ್ಮ ವೈದ್ಯಸಂಘದ ಪತ್ರಿಕೆಯಲ್ಲಿ ಬರೆದರು.

ಇದಕ್ಕೆ ಕಾರಣವೇನು? ನಮ್ಮ ನರಗಳ ತುದಿಯಲ್ಲಿ, ಹಗೇವಿನಲ್ಲಿ ಜೋಳ ತುಂಬಿಟ್ಟಂತೆ, ಒಂದು ದ್ರವ್ಯವು ಸಂಗ್ರಹವಾಗಿರುತ್ತದೆ. ರಕ್ತದೊತ್ತಡವು ಇಳಿದಾಗ ಶರೀರವು ಅದನ್ನು ತೆಗೆದು ಖರ್ಚು ಮಾಡಿ ತನ್ನನ್ನು ಉಳಿಸಿಕೊಳ್ಳುವದು. ರಿಸರ್ಪಿನ್ ಆ ಹಗೇವನ್ನು ಮೆಲ್ಲಮೆಲ್ಲಗೆ ಬರಿದು ಮಾಡುತ್ತದೆ. ನಿತ್ಯದ ಜೀವನದಲ್ಲಿ ಇದರಿಂದ ಒತ್ತಡ ತಗ್ಗಿ ರೋಗಿಗೆ ಹಿತವಾಗುವದು. ಬರಗಾಲ ಬಂದಾಗ ಮಾತ್ರ ಹಗೇವಿನಲ್ಲಿ ಕಾಳಿಲ್ಲವೆಂಬದು ತಿಳಿಯುವದು. ಶಸ್ತ್ರಚಿಕಿತ್ಸೆಯು ಶರೀರಕ್ಕೆ ಅಂಥ ಬರಗಾಲ. ಬೇರನ್ನು ನಿಲ್ಲಿಸಿದ ಮೇಲೆಯೂ ಆ ಹಗೇವು ತುಂಬಲು ದಿನಗಳು ಬೇಕು. ಆದಕಾರಣ ಎರಡು ವಾರ ಮುಂಚೆಯೇ ಅದನ್ನು ನಿಲ್ಲಿಸಬೇಕೆಂದು ಆ ಕಾಲದಲ್ಲಿ ಅನೇಕ ವೈದ್ಯರು ವಿಧಿಸಿದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಬೇರೆ ವೈದ್ಯರು ಪರೀಕ್ಷಿಸಿ ನೋಡಿ, ರೋಗಿಯು ಸರ್ಪಗಂಧಿಯನ್ನು ಸೇವಿಸುತ್ತಿರುವನೆಂಬದು ಅರಿವಳಿಕೆಯ ವೈದ್ಯರಿಗೆ ಮುಂಚೆಯೇ ತಿಳಿದಿದ್ದರೆ, ತಕ್ಕ ಔಷಧಗಳನ್ನು ಆರಿಸಿಕೊಂಡು ಸುರಕ್ಷಿತವಾಗಿ ಕೆಲಸ ನಡಿಸಬಹುದೆಂದು ಕಂಡುಕೊಂಡರು. ವಾಚಕರೇ, ಇದನ್ನು ಗಮನಿಸಿರಿ. ಬೇರು ಮೊದಲಿನ ಬೇರೇ, ರೋಗಿಯೂ ಅಂಥವನೇ. ಭೇದವನ್ನು ಮಾಡಿದ್ದು ವೈದ್ಯರಿಗೆ ತಿಳಿದಿರುವದೇ. ನಮ್ಮ ಪಾಠದ ತಿರುಳು ಇಷ್ಟೇ.

4. ರಕ್ತ ನಿಲ್ಲಿಸುವ ಕೆಲಸಕ್ಕೆ ಅಡ್ಡ ಬರುವವುಗಳು

ನಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಬಹು ಸೂಕ್ಷ್ಮವಾದ ಕಣಿಕೆಗಳಿವೆ. ಗಾಯವಾದ ಕೂಡಲೆ ಇವು ಓಡಿ ಬಂದು, ಒಂದಕ್ಕೊಂದು ಅಂಟಿಕೊಂಡು, ಒಡೆದ ಕಾಲುವೆಗೆ ರೈತನು ಮಣ್ಣು ಮೆತ್ತುವಂತೆ ಗಾಯದ ಬಾಯಿಯನ್ನು ಮುಚ್ಚುತ್ತವೆ. ಬೆಳ್ಳುಳ್ಳಿಯಲ್ಲಿರುವ ಕೆಲವು ದ್ರವ್ಯಗಳು ಈ ಕಣಿಕೆಗಳ ಅಂಟುಗುಣವನ್ನು ಕುಂದಿಸುತ್ತವೆ. ಒಮ್ಮೆ ಕುಂದಿದ ಕಣಿಕೆಯು ತನ್ನ ಆಯುಷ್ಯ ತೀರುವ ತನಕ ಹಾಗೆಯೇ ಉಳಿಯಬಹುದು. ಅದರ ಆಯುಷ್ಯವು ಏಳರಿಂದ ಹತ್ತು ದಿವಸ. ಹೊಸ ಕಣಿಕೆಗಳು ಹುಟ್ಟಿ ಬರಬೇಕಾದರೆ ಸಮಯ ಬೇಕು.

1990ರಲ್ಲಿ ಅಮೆರಿಕದ ಒಂದು ನರಶಸ್ತ್ರವೈದ್ಯ ಪತ್ರಿಕೆಯಲ್ಲಿ 87 ವರ್ಷ ಪ್ರಾಯದ ಒಬ್ಬ ವೃದ್ಧನ ವೃತ್ತಾಂತವು ಪ್ರಕಟವಾಯಿತು. ಆತನಿಗೆ ಶಸ್ತ್ರಚಿಕಿತ್ಸೆಯೇನೂ ಆಗಿರಲಿಲ್ಲ. ಆದರೂ ಬೆನ್ನುಹುರಿಯ ಸುತ್ತಲು ತಾನಾಗಿಯೇ ರಕ್ತ ಸೋರಿ, ಗಡ್ಡೆಗಟ್ಟಿ, ಕಾಲುಗಳು ಸ್ವಾಧೀನ ತಪ್ಪಿದವು. ವೈದ್ಯರು ಹುಡುಕಿದಾಗ ಬೆಳ್ಳುಳ್ಳಿಯ ಅತಿಯಾದ ಸೇವನೆಯ ಹೊರತು ರಕ್ತಕಣಿಕೆಗಳ ದೋಷಕ್ಕೆ ಬೇರೆ ಕಾರಣ ತೋರಲಿಲ್ಲ. ಇಂಥದ್ದು ಬಹು ಅಪರೂಪ. ಆದರೂ ಹೆರಿಗೆ, ಅಂಡವಾಯು, ಮೊಣಕಾಲು ಮುಂತಾದವುಗಳ ಶಸ್ತ್ರಕ್ರಿಯೆಯಲ್ಲಿ ವೈದ್ಯರು ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗಿನ ಭಾಗವನ್ನು ಜೋಮು ಹಿಡಿಸುವದುಂಟು. ರಕ್ತ ಹೆಪ್ಪುಗಟ್ಟದವನ ಬೆನ್ನಿಗೆ ಸೂಜಿ ಹಾಕುವದಕ್ಕೆ ಅವರು ಯಾಕೆ ಹಿಂಜರಿಯುತ್ತಾರೆಂಬದು ಇದರಿಂದ ತಿಳಿದೀತು.

2001ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಮೂವರು ವೈದ್ಯರು ಎಂಟು ಮೂಲಿಕೆಗಳ ವಿಷಯವಾಗಿ ವಿಸ್ತಾರವಾದ ಲೇಖನವನ್ನು ಬರೆದರು. ಶಸ್ತ್ರಚಿಕಿತ್ಸೆಗೆ ಕಡಿಮೆ ಪಕ್ಷ 7 ದಿವಸ ಮುಂಚೆ ಬೆಳ್ಳುಳ್ಳಿಯ ಗುಳಿಗೆಯನ್ನೂ ಜಿನ್ಸೆಂಗ್ ಎಂಬ ಬೇರನ್ನೂ, 36 ತಾಸು ಮುಂಚೆ ಗಿಂಕೋ ಎಂಬ ಎಲೆಯ ಸಾರವನ್ನೂ ನಿಲ್ಲಿಸಬೇಕೆಂದು ಅವರು ಸೂಚಿಸಿದರು. ಈ ಕೊನೆಯ ಎರಡು ಪರದೇಶದವು. ಆದರೂ 'ಶಕ್ತಿಯ ಗುಳಿಗೆ', 'ಜ್ಞಾಪಕಶಕ್ತಿಯ ಗುಳಿಗೆ' ಎಂಬ ಹೆಸರಿನಿಂದ ಈಗ ನಮ್ಮ ಪೇಟೆಗಳಿಗೂ ಬಂದಿವೆ.

ಹೀಗಾದರೆ ಪಲ್ಯಕ್ಕೆ ಬೆಳ್ಳುಳ್ಳಿಯ ಒಗ್ಗರಣೆ ಹಾಕಕೂಡದೋ, ಸಾರಿಗೆ ಅರಿಸಿನ ಬೇಡವೋ ಎಂದು ಯಾರೂ ಭಯಪಡಬೇಕಾಗಿಲ್ಲ. ಸಾಂಗ್ಲಿಯು ಅರಿಸಿನದ ದೊಡ್ಡ ಪೇಟೆ. ನಮ್ಮ ಕಡೆಯ ಅಡಿಗೆಯಲ್ಲಿ ಅದು ನಿತ್ಯದ ವಸ್ತು. ಅಡಿಗೆಯ ಚಿಟಿಕೆಯೇ ಬೇರೆ, ಸತ್ವವನ್ನು ಹಿಂಡಿ ತುಂಬಿದ ಗುಳಿಗೆಯೇ ಬೇರೆ. ಒಂದು ಗದ್ಯಾಣ ಬೆಲ್ಲಕ್ಕೂ ಒಂದು ಗಾಡಿ ಕಬ್ಬಿಗೂ ಇರುವ ಅಂತರವನ್ನು ಉಗಾರದ ಸಕ್ಕರೆ ಕಾರಖಾನೆಗೆ ಕಬ್ಬು ಸಾಗಿಸುವ ನಮ್ಮ ರೈತರಿಗೆ ಬಿಡಿಸಿ ಹೇಳಬೇಕೇ?

5. ನಿದ್ರೆ, ಸಕ್ಕರೆ, ಲವಣ

ಅಶ್ವಗಂಧ, ತಗರ, ಜಟಾಮಾಂಸಿ ಮೊದಲಾದವುಗಳನ್ನು ಜನರು ನಿದ್ರೆಗಾಗಿಯೂ ಮನಸ್ಸಿನ ಶಾಂತಿಗಾಗಿಯೂ ಸೇವಿಸುತ್ತಾರೆ. ನಿದ್ರೆ ಬರಿಸುವ ಬೇರು ನಿದ್ರೆ ಬರಿಸುವ ಅರಿವಳಿಕೆಯೊಂದಿಗೆ ಕೂಡಿದರೆ ಒಂದರ ಬಲಕ್ಕೆ ಇನ್ನೊಂದರ ಬಲ ಸೇರಬಹುದು. ರೋಗಿಯು ಎಚ್ಚರಗೊಳ್ಳುವದು ತಡವಾಗಬಹುದು, ಉಸಿರು ಮಂದವಾಗಬಹುದು. ಹಾಗೆಂದು ಬಹು ದಿವಸದಿಂದ ಸೇವಿಸುತ್ತಿದ್ದ ತಗರದ ಜಾತಿಯ ಬೇರನ್ನು ಒಮ್ಮೆಲೆ ನಿಲ್ಲಿಸಿದರೆ ಚಡಪಡಿಕೆ, ನಿದ್ರೆಗೇಡು ಉಂಟಾಗುವದೂ ಇದೆ. ಆದದರಿಂದ ಬಿಡುವ ಕ್ರಮವನ್ನೂ ವೈದ್ಯರನ್ನೇ ಕೇಳಬೇಕು.

ಸಕ್ಕರೆ ರೋಗವುಳ್ಳವರು ಮಧುನಾಶಿನಿ, ಹಾಗಲಕಾಯಿಯ ರಸ, ಮೆಂತ್ಯದ ಪುಡಿ ಇವುಗಳನ್ನು ಡಾಕ್ಟರರ ಗುಳಿಗೆಗಳ ಜೊತೆಯಲ್ಲಿಯೇ ತಕ್ಕೊಳ್ಳುವದುಂಟು. ಶಸ್ತ್ರಚಿಕಿತ್ಸೆಯ ಮುಂಜಾನೆ ಹೊಟ್ಟೆ ಬರಿದಾಗಿರುವದು. ಆಗ ರಕ್ತದ ಸಕ್ಕರೆಯು ತೀರ ಇಳಿದರೆ ಎಚ್ಚರವಿರುವವನು ಬೆವರುವನು, ನಡುಗುವನು, 'ತಲೆ ತಿರುಗುತ್ತದೆ' ಅನ್ನುವನು. ಅರಿವು ತಪ್ಪಿ ಮಲಗಿದವನು ಏನನ್ನು ಹೇಳಿಯಾನು?

ಕೆಮ್ಮಿಗೆ ಅಗಿಯುವ ಜ್ಯೇಷ್ಠಮಧುವನ್ನು ಎಲ್ಲರೂ ಬಲ್ಲರು. ಅದನ್ನು ಬಹು ಕಾಲ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡವು ಏರಿ, ಪೊಟ್ಯಾಸಿಯಂ ಎಂಬ ಲವಣವು ಶರೀರದಿಂದ ಹರಿದುಹೋಗುವದು. ಹೃದಯದ ಬಡಿತವು ಕ್ರಮವಾಗಿ ನಡೆಯಲು ಆ ಲವಣ ಬೇಕೇ ಬೇಕು. ಅದು ಕಡಿಮೆಯಾದವನಿಗೆ ಮೇಜಿನ ಮೇಲೆ ನಾಡಿ ತಪ್ಪುವ ಭಯವುಂಟು.

ಇನ್ನೊಂದು ಸಣ್ಣ ಸಂಗತಿ. ಶಸ್ತ್ರಚಿಕಿತ್ಸೆಗೆ ಮುಂಚೆ ಇಂತಿಷ್ಟು ತಾಸು ಏನನ್ನೂ ತಿನ್ನಕೂಡದು ಎಂದು ವೈದ್ಯರು ಹೇಳುತ್ತಾರೆ. ಸಾಮಾನ್ಯವಾಗಿ ಹಗುರವಾದ ಊಟಕ್ಕೂ ಹಾಲಿಗೂ 6 ತಾಸು, ತಿಳಿನೀರಿಗೆ 2 ತಾಸು ಎಂದು ನಿಯಮವಿದೆ; ರೋಗಿಯ ಸ್ಥಿತಿಗೆ ತಕ್ಕಂತೆ ಅದು ಬದಲಾಗಬಹುದು. ಅರಿವು ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳಕ್ಕಿಳಿದರೆ ಜೀವಕ್ಕೇ ಅಪಾಯ. ಆದರೆ 'ಊಟ ಬೇಡವೆಂದರು, ಕಷಾಯ ಬೇಡವೆನ್ನಲಿಲ್ಲವಲ್ಲಾ' ಎಂದು ಹಾಲಿನಲ್ಲಿ ಚೂರ್ಣ ಕದಡಿ ಮುಂಜಾನೆ ಕುಡಿಸುವ ಮನೆಗಳಿವೆ. ಪ್ರೀತಿಯಿಂದ ಕೊಟ್ಟ ಆ ಲೋಟವೂ ಹೊಟ್ಟೆಯಲ್ಲಿ ಊಟವೇ.

6. ಹೆಸರು ಬೇರೆ, ಒಳಗಿರುವದು ಬೇರೆ

ಇದು ವರೆಗೆ ನಾವು ಹೇಳಿದ್ದು ಹೆಸರು ತಿಳಿದ ಮೂಲಿಕೆಗಳ ವಿಷಯ. ಹೆಸರೇ ಇಲ್ಲದ ಪುಡಿಗಳ ವಿಷಯವು ಇನ್ನೂ ಕಠಿಣ. ಕೀಲುನೋವು, ಉಬ್ಬಸ ಇವುಗಳಿಗಾಗಿ ಪೊಟ್ಟಣ ಕಟ್ಟಿ ಮಾರುವ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಎಂಬ ಬಲವಾದ ಔಷಧವನ್ನು ಗುಟ್ಟಾಗಿ ಬೆರಸಿದ್ದು ಪರೀಕ್ಷೆಯಲ್ಲಿ ಹೊರಬಿದ್ದಿದೆ. ತಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಜನರು ಬೇರಿನ ಮಹಿಮೆಯನ್ನು ಹೊಗಳುತ್ತಾರೆ. ಕೆಲಸ ಮಾಡಿದ್ದು ಬೇರಲ್ಲ. ತಿಂಗಳುಗಟ್ಟಲೆ ಇದನ್ನು ತಿಂದವನ ಶರೀರವು ತಾನೇ ಹುಟ್ಟಿಸಬೇಕಾದ ಅಂಥದೇ ದ್ರವ್ಯವನ್ನು ಹುಟ್ಟಿಸುವದನ್ನು ಮರೆತುಬಿಡುತ್ತದೆ. ಅಂಥವನು ಪುಡಿಯನ್ನು ತಟ್ಟನೆ ನಿಲ್ಲಿಸಿ, ಯಾರಿಗೂ ಹೇಳದೆ ಶಸ್ತ್ರಚಿಕಿತ್ಸೆಗೆ ಹೋದರೆ, ಆ ಆಘಾತವನ್ನು ತಾಳಲಾರದೆ ರಕ್ತದೊತ್ತಡವು ಕುಸಿಯಬಹುದು. ವೈದ್ಯರಿಗೆ ತಿಳಿದಿದ್ದರೆ ಒಂದು ಸೂಜಿಮದ್ದಿನಿಂದ ಇದನ್ನು ತಡೆಯಬಲ್ಲರು. 'ನಾನೇ ಬಿಟ್ಟುಬಿಟ್ಟೆ, ಇನ್ನು ಹೇಳುವದೇಕೆ' ಎಂಬ ಮಾತು ಸಲ್ಲದು, ಬಿಟ್ಟದ್ದನ್ನೂ ಹೇಳಬೇಕು.

2004ರಲ್ಲಿ ಅಮೆರಿಕದ ಬೋಸ್ಟನ್ ಪಟ್ಟಣದ ಸುತ್ತಲಿನ ಅಂಗಡಿಗಳಿಂದ ದಕ್ಷಿಣ ಏಶಿಯದಲ್ಲಿ ತಯಾರಾದ 70 ಆಯುರ್ವೇದೀಯ ಔಷಧಗಳನ್ನು ತಂದು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ, ಪಾಷಾಣ ಇವುಗಳಲ್ಲೊಂದಾದರೂ ಸಿಕ್ಕಿತೆಂದು ಪ್ರಕಟವಾಯಿತು. ಇಂಥವು ಮೂತ್ರಪಿಂಡವನ್ನು ಕೆಡಿಸಬಲ್ಲವು. ಅರಿವಳಿಕೆಯ ಔಷಧಗಳಲ್ಲಿ ಅನೇಕವು ಯಕೃತ್ತು, ಮೂತ್ರಪಿಂಡಗಳ ಮೂಲಕವೇ ಹೊರಗೆ ಹೋಗತಕ್ಕವು. ಮುಂಬಯಿಯಲ್ಲಿ 2020ರ ಕೊನೆಯ ತಿಂಗಳುಗಳಲ್ಲಿ ಅಮೃತಬಳ್ಳಿಯನ್ನು ಸೇವಿಸಿದ ಆರು ಮಂದಿ ಯಕೃತ್ತಿನ ಬಾಧೆಯಿಂದ ಬಂದರೆಂದು ಅಲ್ಲಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಮಂತ್ರಾಲಯವು ಈ ವರದಿಯನ್ನು ಆಕ್ಷೇಪಿಸಿ, ಅವರು ತಿಂದದ್ದು ನಿಜವಾಗಿ ಯಾವ ಗಿಡವೆಂಬದನ್ನು ಪರೀಕ್ಷಿಸಿರಲಿಲ್ಲ, ಅದೇ ರೂಪದ ಬೇರೆ ಬಳ್ಳಿಯೂ ಉಂಟು ಎಂದಿತು. ಈ ವಾದದಲ್ಲಿ ನಾವು ತೀರ್ಪುಗಾರರಲ್ಲ. ಆದರೆ ಇಬ್ಬರ ಮಾತಿನಿಂದಲೂ ನಮಗೆ ದೊರೆಯುವ ಬುದ್ಧಿ ಒಂದೇ: ಬೇಲಿಯಿಂದ ಕಿತ್ತು ತಂದ ಬಳ್ಳಿ ಯಾವದೆಂಬದು ಖಚಿತವಿಲ್ಲದಿರುವಾಗ ಅದರ ಗುಣವೂ ಖಚಿತವಿಲ್ಲ.

7. ಕೆಲವರ ಆಕ್ಷೇಪಣೆಗಳೂ ಅವುಗಳಿಗೆ ಉತ್ತರವೂ

ಮೊದಲನೆಯದು: "ಗಿಡದಿಂದ ಬಂದದ್ದು ಯಾರಿಗೂ ಕೆಡಕು ಮಾಡದು." ನಿಪ್ಪಾಣಿಯ ಹೊಲಗಳಲ್ಲಿ ಬೆಳೆಯುವ ತಂಬಾಕು ಗಿಡವಲ್ಲವೇ? ದತ್ತೂರಿ ಗಿಡವಲ್ಲವೇ? ಏನೂ ಮಾಡಲಾರದ ಬೇರು ರೋಗವನ್ನೂ ಗುಣಪಡಿಸಲಾರದು. ಗುಣಪಡಿಸುವ ಶಕ್ತಿ ಉಂಟೆಂದು ನಂಬಿದ ಮೇಲೆ, ಆ ಶಕ್ತಿಯು ತಪ್ಪು ಸಮಯದಲ್ಲಿ ತೊಂದರೆಯನ್ನೂ ಕೊಟ್ಟೀತೆಂದು ಒಪ್ಪಬೇಕಾಗುವದು.

ಎರಡನೆಯದು: "ನೀವು ನಮ್ಮ ದೇಶದ ವೈದ್ಯವನ್ನು ಹೀನೈಸುತ್ತೀರಿ." ಹಾಗಲ್ಲ. ಸರ್ಪಗಂಧಿಯ ಕಥೆಯನ್ನು ನಾವು ಅಭಿಮಾನದಿಂದಲೇ ಹೇಳಿದೆವು. ನಮ್ಮ ಬೆಳಗಾವಿಯಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನವರು 2006ರಲ್ಲಿ ಸ್ಥಾಪಿಸಿದ ಕೇಂದ್ರವು ಈಗ ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಸ್ಥೆಯಾಗಿ ಇಂಥ ಮೂಲಿಕೆಗಳನ್ನು ಶೋಧಿಸುತ್ತಿದೆ. ಓದಿ ಬಲ್ಲ ಆಯುರ್ವೇದ ಪಂಡಿತರ ಔಷಧವನ್ನು ತಕ್ಕೊಳ್ಳುವವರು ಅವರಿಗೂ ಶಸ್ತ್ರಚಿಕಿತ್ಸೆಯ ಸುದ್ದಿಯನ್ನು ತಿಳಿಸಲಿ. ಅವರ ಚೀಟಿಯನ್ನು ಶಸ್ತ್ರವೈದ್ಯರಿಗೆ ತೋರಿಸಲಿ.

ಮೂರನೆಯದು: "ಹೇಳಿದರೆ ಡಾಕ್ಟರರು ಸಿಟ್ಟಾಗುತ್ತಾರೆ." ಇದೇ ನಿಜವಾದ ಕಾರಣವೆಂದು ನಾವು ಎಣಿಸುತ್ತೇವೆ. ಹಳ್ಳಿಯಿಂದ ಬಂದವರನ್ನು ಗದರಿಸುವ ವೈದ್ಯರೂ ದಾದಿಯರೂ ಇಲ್ಲವೆಂದು ನಾವು ಹೇಳಲಾರೆವು. 'ಯಾರು ಹೇಳಿದರು ಇದನ್ನೆಲ್ಲ ತಿನ್ನಲಿಕ್ಕೆ' ಎಂದು ನಾಲ್ಕು ಜನರ ಮುಂದೆ ಕೇಳಿಸಿಕೊಂಡ ಮುದುಕಿಯು ಮುಂದಿನ ಸಲ ಬಾಯಿ ತೆರೆಯಳು. ನಮ್ಮ ಪತ್ರಿಕೆಯನ್ನೋದುವ ದಾದಿಯರಿಗೂ ವೈದ್ಯರಿಗೂ ನಮ್ಮ ಬಿನ್ನಹವಿದು: 'ಔಷಧ ತಗೊಳ್ಳುತ್ತೀರಾ' ಎಂದಷ್ಟೇ ಕೇಳಬೇಡಿರಿ. 'ಕಷಾಯ, ಚೂರ್ಣ, ಬೇರು, ಲೇಹ್ಯ, ಶಕ್ತಿಯ ಗುಳಿಗೆ ಏನಾದರೂ ಉಂಟೇ' ಎಂದು ಒಂದೊಂದಾಗಿ, ನಗುಮೊಗದಿಂದ ಕೇಳಿರಿ. ರೋಗಿಗಳಿಗೆ ನಾವು ಹೇಳುವದೇನಂದರೆ, ಗದರಿಕೆಯು ಒಂದು ಗಳಿಗೆಯದು; ಮುಚ್ಚಿಟ್ಟದ್ದರ ಫಲವು ಜೀವಮಾನದ್ದಾದೀತು.

ನಾಲ್ಕನೆಯದು: "ಅವಸರದ ಶಸ್ತ್ರಚಿಕಿತ್ಸೆಯಾದರೆ ಏಳು ದಿವಸ ಎಲ್ಲಿಂದ ತರೋಣ?" ಕರುಳಿನ ಬಾಲ ಒಡೆದಾಗ, ಹೆರಿಗೆ ಕಟ್ಟಿಕೊಂಡಾಗ, ಗಾಡಿಯ ಅಪಘಾತವಾದಾಗ ಒಂದು ಕ್ಷಣವನ್ನೂ ಕಳೆಯಕೂಡದು. ಬೇರು ತಿಂದಿದ್ದಾರೆಂದು ದವಾಖಾನೆಗೆ ಹೋಗುವದನ್ನು ತಡೆಯುವದು ದೊಡ್ಡ ತಪ್ಪು. ಹೋಗಿರಿ, ಮತ್ತು ಹೇಳಿರಿ. ತಿಳಿದ ವೈದ್ಯರು ತಕ್ಕ ಎಚ್ಚರಿಕೆಯಿಂದ ಕೆಲಸ ನಡಿಸುವರು.

8. ಮಾಡತಕ್ಕದ್ದೇನು?

ಶಸ್ತ್ರಚಿಕಿತ್ಸೆಯ ಮಾತು ಬಂದ ದಿವಸವೇ, ಅಂದರೆ ಸಾಧ್ಯವಾದರೆ ಎರಡು ವಾರ ಮುಂಚೆಯೇ, ಮನೆಯಲ್ಲಿ ಕೂತು ಒಂದು ಪಟ್ಟಿಯನ್ನು ಬರೆಯಿರಿ. ರೋಗಿಯು ಮುಂಜಾನೆಯಿಂದ ರಾತ್ರಿಯ ತನಕ ಬಾಯಿಗೆ ಹಾಕುವದೆಲ್ಲವನ್ನೂ, ಊಟ ಒಂದನ್ನು ಬಿಟ್ಟು, ಅದರಲ್ಲಿ ಸೇರಿಸಿರಿ. ಎಷ್ಟು ದಿವಸದಿಂದ, ಎಷ್ಟು ಪ್ರಮಾಣ, ಯಾರು ಕೊಟ್ಟರು, ಯಾವಾಗ ಬಿಟ್ಟರು ಎಂಬದನ್ನೂ ಬರೆಯಿರಿ. ಓದು ಬಾರದ ಮನೆಯಾದರೆ ಶಾಲೆಗೆ ಹೋಗುವ ಮಗುವಿನಿಂದ ಬರೆಯಿಸಿರಿ. ಹೆಸರು ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. ಆ ಗಂಟನ್ನೇ, ಆ ಡಬ್ಬಿಯನ್ನೇ, ಆ ಪೊಟ್ಟಣದ ಕಾಗದವನ್ನೇ ತಕ್ಕೊಂಡು ಹೋಗಿರಿ. ಚೀಲದ ಅಡಿಯಲ್ಲಿದ್ದದ್ದು ವೈದ್ಯರ ಮೇಜಿನ ಮೇಲೆ ಬರಲಿ.

ಪಟ್ಟಿಯನ್ನು ಶಸ್ತ್ರವೈದ್ಯರಿಗೂ ಅರಿವಳಿಕೆಯ ವೈದ್ಯರಿಗೂ ತೋರಿಸಿರಿ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಮುಟ್ಟಿತೆಂದು ಭಾವಿಸಬೇಡಿರಿ. ಯಾವದನ್ನು ನಿಲ್ಲಿಸಬೇಕು, ಎಂದಿನಿಂದ ನಿಲ್ಲಿಸಬೇಕು ಎಂದು ಕೇಳಿಕೊಳ್ಳಿರಿ. ಒಂದು ವಿಷಯದಲ್ಲಿ ಬಹು ಜಾಗ್ರತೆ ಬೇಕು: ಈ ಪಾಠವನ್ನು ಓದಿ ಡಾಕ್ಟರರು ಬರೆದು ಕೊಟ್ಟ ರಕ್ತದೊತ್ತಡದ, ಹೃದಯದ, ಸಕ್ಕರೆಯ, ಮೂರ್ಛೆರೋಗದ ಗುಳಿಗೆಗಳನ್ನು ಯಾರೂ ತಾವಾಗಿ ಬಿಡಕೂಡದು. ಶಸ್ತ್ರಚಿಕಿತ್ಸೆಯಾದ ಮೇಲೆ ಗಾಯಕ್ಕೆ ಸೊಪ್ಪಿನ ರಸ ಹಚ್ಚುವದು, ಬಾಣಂತಿಗೆ ಮೊದಲ ದಿನವೇ ಕಾಢೆ ಕೊಡುವದು ಇವುಗಳಿಗೂ ಕೇಳಿಯೇ ಕೈ ಹಚ್ಚಬೇಕು. ರಕ್ತ ತೆಳುವಾಗಲು ವೈದ್ಯರೇ ಔಷಧ ಕೊಡುತ್ತಿರುವಾಗ ಮನೆಯವರು ಬೆಳ್ಳುಳ್ಳಿಯ ಗುಳಿಗೆಯನ್ನು ಕೂಡಿಸಿದರೆ ಎರಡು ಒಂದಾಗಿ ಹೆಚ್ಚಾದೀತು.

ಈಗ ಆ ಹಿರಿಯ ತಾಯಿಯ ಹಾಸಿಗೆಯ ಬಳಿಗೆ ತಿರಿಗಿ ಹೋಗೋಣ. ದಾದಿಯು ಕೇಳುತ್ತಾಳೆ. ತಾಯಿಯು 'ಔಷಧ ಇಲ್ಲ' ಅನ್ನುತ್ತಾಳೆ. ಆಗ ಸೊಸೆಯು ಮುಂದೆ ಬಂದು, "ತಡೀರಿ ಅಕ್ಕಾ, ಅತ್ತಿಯವರು ಇವನ್ನೂ ತಗೊಳ್ಳುತ್ತಾರೆ" ಎಂದು ಚೀಲದಿಂದ ಗಂಟನ್ನು ತೆಗೆದು ಬಿಚ್ಚುತ್ತಾಳೆ. ಶಸ್ತ್ರಚಿಕಿತ್ಸೆಯು ಒಂದು ವಾರ ಮುಂದಕ್ಕೆ ಹೋಗಬಹುದು. ಹೋದ ರೈಲುದುಡ್ಡು ಹೋಯಿತೆಂದು ಮಗನು ಗೊಣಗಬಹುದು. ಆದರೂ ಆ ಗಂಟು ಬಿಚ್ಚಿದ ಕೈಗೆ ನಾವು ಶಹಬಾಸ್ ಎನ್ನುತ್ತೇವೆ.

ಪುನರಾಲೋಚನೆಗಾಗಿ ಪ್ರಶ್ನೆಗಳು
(ಮನೆಯಲ್ಲಿಯೂ ಕೂಟದಲ್ಲಿಯೂ ಒಬ್ಬರು ಕೇಳಿ ಮತ್ತೊಬ್ಬರು ಉತ್ತರ ಕೊಡತಕ್ಕದ್ದು)

1. ದಾದಿಯು ಕೇಳಿದಾಗ ಹಿರಿಯ ತಾಯಿಯು 'ಇಲ್ಲ' ಎಂದದ್ದೇಕೆ?
2. ಸರ್ಪಗಂಧಿಯನ್ನು ಸೇವಿಸಿದವರಿಗೆ ಮೇಜಿನ ಮೇಲೆ ಏನಾಯಿತು? ಮುಂದೆ ಆ ಅಪಾಯವು ಯಾವದರಿಂದ ತಗ್ಗಿತು?
3. ಅಡಿಗೆಯ ಬೆಳ್ಳುಳ್ಳಿಗೂ ಗುಳಿಗೆಯ ಬೆಳ್ಳುಳ್ಳಿಗೂ ಭೇದವೇನು? ಗುಳಿಗೆಯನ್ನು ಬಿಡಲು ಏಳು ದಿವಸ ಯಾಕೆ ಬೇಕು?
4. ಕೀಲುನೋವಿನ ಪುಡಿಯನ್ನು ಬಿಟ್ಟ ಮೇಲೆಯೂ ವೈದ್ಯರಿಗೆ ಹೇಳಬೇಕಾದದ್ದೇಕೆ?
5. ನಿಮ್ಮ ಮನೆಯಲ್ಲಿ ಔಷಧವೆಂದೆಣಿಸದೆ ದಿನಾಲು ಸೇವಿಸುವ ವಸ್ತುಗಳು ಯಾವವು? ಈ ಸಂಜೆಯೇ ಅವುಗಳ ಹೆಸರನ್ನು ಬರೆದಿಡಿರಿ.